ಗುಂಡಿ ಕಳಚಿದ ಕೋಟು

ನಮ್ಮ ದೊಡ್ಡಪ್ಪನಿಗಿಂತ ಅವರ ಕೋಟಿಗೆ ಗಾಂಭೀರ್ಯ ಹೆಚ್ಚು. ವಾರವೆಲ್ಲ ಸೈಕಲ್ ರಿಪೇರಿ ಅಂಗಡಿಯಲ್ಲಿ ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡು, ಪಂಕ್ಚರಾದ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ ಮನುಷ್ಯ, ಪ್ರಾರ್ಥನೆಯ ದಿನ ಬೆಳಗಾಯಿತೆಂದರೆ ಸೀಮೆಎಣ್ಣೆಯಿಂದ ಗ್ರೀಸನ್ನೂ ಸಾಬೂನಿನಿಂದ ಸೀಮೆಎಣ್ಣೆಯನ್ನೂ ತೊಳೆದು, ಆ ಕರಿಯ ಕೋಟು ತೊಟ್ಟು, ದಿಗ್ವಿಜಯಕ್ಕೆ ಹೊರಟ ಚಕ್ರವರ್ತಿಯ ಹಾಗೆ ಬೀದಿಗಿಳಿಯುತ್ತಿದ್ದರು. ಅಂಗಡಿಯಲ್ಲಿ ಕುಕ್ಕರುಗಾಲಿನಲ್ಲೇ ಆಚೀಚೆ ಸರಿದಾಡುವವರು ಕೋಟಿನೊಳಗೆ ಹೊಕ್ಕ ಕೂಡಲೇ ಗೇಣುದ್ದ ಬೆಳೆದುಬಿಡುತ್ತಿದ್ದರು.

"ನೋಡೋನು ಯಾರು ಅಂತ ನೆನಪಿದ್ರೆ ಮೈಮೇಲೆ ತಾನಾಗೇ ಇಸ್ತ್ರಿ ಬೀಳುತ್ತೆ" ಎನ್ನುವುದು ಅವರ ಮಾತು.

"ಬೀಳಲ್ಲ, ನಾನು ಹಾಕ್ತೀನಿ" ಎನ್ನುವುದು ದೊಡ್ಡಮ್ಮನ ತಿದ್ದುಪಡಿ.

ಪ್ರಾರ್ಥನಾ ಮಂದಿರದ ಬಾಗಿಲು ಕಾಯುವ ಕೆಲಸವನ್ನು ಅವರಿಗೆ ಯಾರೂ ವಹಿಸಿರಲಿಲ್ಲ. ಒಂದು ದಿನ ತಾವೇ ಹೋಗಿ ನಿಂತರು. ಸರಿಯಿರಿ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ, ಅಷ್ಟೆ. ಒಳಹೋಗುವವರ ಕಾಲರು, ಉಗುರು, ಬೂಟು ಎಲ್ಲಕ್ಕೂ ತಪಾಸಣೆ. ತಲೆ ನರೆತು ಮೀಸೆಗೆ ಬಣ್ಣ ಹಚ್ಚುವ ಕಾಲ ಬಂದಮೇಲೂ ನಾನು "ಎಲ್ಲೋ, ಕೈ ತೋರ್ಸು" ಎಂಬ ಅವರ ಗುಡುಗಿಗೆ ಬೆರಳು ಚಾಚಿ ನಿಲ್ಲುತ್ತಿದ್ದೆ. ಎಡಗೈ ಕಿರುಬೆರಳಲ್ಲಿ ಅವರಿಗೆ ಏನಾದರೊಂದು ಕೊಳೆ ಸಿಕ್ಕೇ ಸಿಗುತ್ತಿತ್ತು.

ಈ ಸಾಮ್ರಾಜ್ಯಕ್ಕೆ ಬಂಡೆದ್ದವನು ಒಬ್ಬನೇ, ಗಡಿಯಾರ ರಿಪೇರಿಯವನು. ಒಮ್ಮೆ ಅವನ ಅಂಗಿಗೆ ಒಂದು ಗುಂಡಿ ಇಲ್ಲವೆಂದು ದೊಡ್ಡಪ್ಪ ಬಾಗಿಲಲ್ಲೇ ತಡೆದಿದ್ದರು. ಬೇರೆ ಯಾರಾದರೂ ಗುಂಡಿ ಹೊಲಿಸಿಕೊಳ್ಳುತ್ತಿದ್ದರು, ಇಲ್ಲವೇ ದೇವರನ್ನೇ ಬಿಡುತ್ತಿದ್ದರು. ಇವನು ಎರಡನ್ನೂ ಮಾಡಲಿಲ್ಲ. ಪ್ರತಿ ವಾರ ಅದೇ ಅಂಗಿ ತೊಟ್ಟು ಬಂದು, ತಾಯಿಯನ್ನು ಒಳಗೆ ಕಳಿಸಿ, ತಾನು ಹೊರಗಿನ ಮೆಟ್ಟಿಲ ಮೇಲೆ ಕೂತು, ಒಳಗಿನವರೆಲ್ಲರ ಸ್ವರವನ್ನೂ ಮುಳುಗಿಸುವಂತೆ ಹಾಡುತ್ತಿದ್ದ. ವರ್ಷವಾದರೂ ಇಬ್ಬರ ನಡುವೆ ಮಾತಿಲ್ಲ. ಅವನು ಶ್ರುತಿ ಏರಿಸಿದಾಗಲೆಲ್ಲ ದೊಡ್ಡಪ್ಪ ಕೆಮ್ಮುತ್ತಿದ್ದರು.

ಹೀಗಿರುವಾಗ ಮಂದಿರದ ಹಿರಿಯರು ಮುಂದಿನ ವಾರದ ಪ್ರಾರ್ಥನೆ ನಡೆಸಿಕೊಡಲು ದೊಡ್ಡಪ್ಪನನ್ನೇ ಕರೆದರು. ಜೀವಮಾನವೆಲ್ಲ ಅವರು ಕಾದಿದ್ದ ಕರೆ. ಬಾಗಿಲಲ್ಲಿ ನಿಂತವರು ವೇದಿಕೆಗೆ ಏರುವುದೆಂದರೇನು! ವಾರವಿಡೀ ಅಂಗಡಿಯಲ್ಲಿ ಗೋಡೆಗೆ ನೇತುಹಾಕಿದ ಚಕ್ರಗಳೇ ಸಭಿಕರು. "ಹೇ ಸಕಲ ಚರಾಚರಾಧೀಶ್ವರನೇ" ಎಂದು ಅವರು ಕೈ ಚಾಚಿದರೆ ಗಿರಾಕಿಗಳು ಬೆಚ್ಚಿ, ಬ್ರೇಕು ಸರಿಯಾಗದಿದ್ದರೂ ಸೈಕಲ್ಲು ತಳ್ಳಿಕೊಂಡು ಹೋಗುತ್ತಿದ್ದರು.

ಆ ದಿನ ಕೋಟು ಮಿರಮಿರ ಮಿಂಚುತ್ತಿತ್ತು. ಒಳಗೆ ಜನ ತುಂಬಿದ್ದರು. ಇನ್ನೇನು ದೊಡ್ಡಪ್ಪ ಹೊಸ್ತಿಲು ದಾಟಬೇಕು, ಅಂಗಳದಲ್ಲಿ ಕಿರುಚಿದ ಸದ್ದು. ಗಡಿಯಾರದವನು ತಾಯಿಯನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಬಂದಿದ್ದ. ಮುದುಕಿಯ ಬಟ್ಟೆಯ ಅಂಚು ಚೈನಿಗೆ ಸಿಕ್ಕಿ ಬಿಗಿದುಕೊಂಡಿತ್ತು. ಇಳಿಯುವಂತಿಲ್ಲ, ಅಲುಗುವಂತಿಲ್ಲ.

"ಕತ್ತರಿ ತರ್ಲಾ ಅಮ್ಮ?" ಎಂದ ಮಗ.

"ಬೇಡ್ವೋ! ಇರೋದೊಂದೇ ಒಳ್ಳೇ ಬಟ್ಟೆ, ದೇವರ ಮುಂದೆ ಉಡೋದು" ಎಂದು ಮುದುಕಿ ಅಳತೊಡಗಿದಳು.

ಆ ಮಾತು ದೊಡ್ಡಪ್ಪನಿಗೆ ಎಲ್ಲಿ ನಾಟಿತೋ! ಮೆಟ್ಟಿಲಿಳಿದರು, ಕೋಟು ಬಿಚ್ಚುವುದನ್ನೂ ಮರೆತು ಮಣ್ಣಿಗೆ ಮಂಡಿಯೂರಿದರು. ಪೆಡಲನ್ನು ಹಿಂದಕ್ಕೆ ಕೂದಲೆಳೆಯಷ್ಟೇ ತಿರುಗಿಸುತ್ತ, ಹಲ್ಲುಚಕ್ರದ ಒಂದೊಂದೇ ಹಲ್ಲಿನಿಂದ ಬಟ್ಟೆ ಬಿಡಿಸಿದರು. ಬಟ್ಟೆ ಹರಿಯದೆ ಹೊರಬಂತು, ಮಸಿ ಹತ್ತಿದ್ದು ಅಂಚಿಗೆ ಮಾತ್ರ. ಕೋಟಿನ ತೋಳಿಗಾದರೋ ಗ್ರೀಸಿನ ಅಭಿಷೇಕವಾಗಿತ್ತು. ಏಳುವಾಗ ಹೊಟ್ಟೆಯ ಬಳಿಯ ಗುಂಡಿ ಟಪ್ಪೆಂದು ಹಾರಿ ಚರಂಡಿಗೆ ಬಿತ್ತು.

ದೊಡ್ಡಪ್ಪ ಆ ಜಾಗವನ್ನು ಮುಟ್ಟಿ ನೋಡಿಕೊಂಡರು. ಹೊಸ್ತಿಲವರೆಗೆ ಹೋದರು, ನಿಂತರು.

"ಬನ್ನಿ, ಎಲ್ರೂ ಕಾಯ್ತಿದಾರೆ" ಎಂದು ದೊಡ್ಡಮ್ಮ ಒಳಗಿನಿಂದ ಕೂಗಿದರು.

"ಗುಂಡಿ ಇಲ್ಲ ಕಣೇ" ಎಂದರು ದೊಡ್ಡಪ್ಪ, ಮಗುವಿನ ದನಿಯಲ್ಲಿ. ಹಿಂದಿರುಗಿ ಬಂದು ಮೆಟ್ಟಿಲ ಮೇಲೆ ಕುಕ್ಕರಿಸಿದರು.

ಗಡಿಯಾರದವನು ತಾಯಿಯನ್ನು ಒಳಗೆ ಕಳಿಸಿ ಬಂದ. "ಒಂಚೂರು ಸರ್ಕೊಳ್ಳಿ. ಅದು ನನ್ನ ಜಾಗ."

ದೊಡ್ಡಪ್ಪ ಸರಿದರು. ವರ್ಷದ ಮೇಲೆ ಮೊದಲ ಮಾತು.

ಒಳಗೆ ಗುಸುಗುಸು ಎದ್ದಿತು. ಆಮೇಲೆ ದೊಡ್ಡಮ್ಮ ತಮ್ಮ ಬೆಂಚನ್ನು ಕರಕರ ಎಳೆದು ಬಾಗಿಲ ಕಡೆ ತಿರುಗಿಸಿದರು. ನಾನೂ ತಿರುಗಿಸಿದೆ. ನೋಡನೋಡುತ್ತ ವೇದಿಕೆಗೆ ಬೆನ್ನು ಹಾಕಿ ಇಡೀ ಸಭೆ ಮೆಟ್ಟಿಲನ್ನು ನೋಡುತ್ತ ಕೂತಿತು. ದೊಡ್ಡಪ್ಪ ಗಾಬರಿಯಿಂದ ಎದ್ದು ನಿಂತರು. ಚರಾಚರಾಧೀಶ್ವರನು ಕೈಕೊಟ್ಟಿದ್ದ, ಕಲಿತದ್ದೊಂದೂ ಬಾಯಿಗೆ ಬರಲಿಲ್ಲ.

"ದೇವ್ರೇ," ಎಂದರು ಕೊನೆಗೆ, "ಇಲ್ಲಿ ಇಬ್ರು ಗುಂಡಿ ಇಲ್ದೋರು ನಿಂತಿದೀವಿ. ಬಾಗಿಲು ತೆಗಿ."

"ತೆಗೆದೇ ಇದೆ, ಅಡ್ಡ ನಿಂತೋರು ನೀವು!" ಎಂದರು ದೊಡ್ಡಮ್ಮ.

ಮಂದಿರದ ಸೂರು ಹಾರುವಂತೆ ನಕ್ಕೆವು. ಗಡಿಯಾರದವನು ದೊಡ್ಡಪ್ಪನ ಗ್ರೀಸಿನ ತೋಳು ಹಿಡಿದು ಒಳಗೆ ಬಂದ. ಹಾಡು ಶುರುವಾಯಿತು, ಹತ್ತಿರದಿಂದ ಕೇಳಿದಾಗ ಅವನ ಸ್ವರ ಇನ್ನೂ ಘೋರವಾಗಿತ್ತು.

ದೊಡ್ಡಪ್ಪ ಬಾಗಿಲು ಬಿಟ್ಟುಕೊಟ್ಟರೆಂದು ತಿಳಿಯಬೇಡಿ. ಮುಂದಿನ ವಾರವೂ ಅಲ್ಲೇ ನಿಂತಿದ್ದರು, ಅದೇ ಕೋಟು, ಅದೇ ಗುಡುಗು. ಆದರೆ ಜೇಬಿನಲ್ಲಿ ಸೂಜಿ, ದಾರ, ಬಣ್ಣಬಣ್ಣದ ಗುಂಡಿಗಳು. "ಉಸಿರು ಬಿಗಿಹಿಡಿ, ಚುಚ್ಚೀತು" ಎಂದು ಗದರುತ್ತ, ಬಂದವರ ಎದೆಗೆ ಮೂಗು ತಾಗಿಸಿಕೊಂಡು ಹೊಲಿಯುತ್ತಿದ್ದರು. ಗಡಿಯಾರದವನ ಬಿಳಿ ಅಂಗಿಗೆ ಹೊಲಿದದ್ದು ಕೆಂಪು ಗುಂಡಿ.

ಇಂಥವರು ಪ್ರಪಂಚದಲ್ಲಿ ಎಲ್ಲ ಕಡೆಯೂ ಇರುತ್ತಾರೆ, ನಮ್ಮ ಉಗುರು ನೋಡಿ ಪ್ರಾಣ ತಿನ್ನುತ್ತಾರೆ. ದೇವರ ಮುಂದೆ ನೆಟ್ಟಗೆ ನಿಲ್ಲಬೇಕೆಂದು ಅವರು ಪಡುವ ಪಾಡು ನಮಗೆ ನಗೆಪಾಟಲು. ಆದರೆ ಅಷ್ಟು ಜೋಪಾನ ಮಾಡಿದ ಕೋಟನ್ನು ಇನ್ನೊಬ್ಬರಿಗಾಗಿ ಮಣ್ಣುಪಾಲು ಮಾಡುವಾಗ ಅವರು ಒಂದು ಗಳಿಗೆಯೂ ಯೋಚಿಸುವುದಿಲ್ಲ. ದೇವರು ಅವರ ಕೋಟನ್ನು ನೋಡುವುದು ಬಹುಶಃ ಆಗಲೇ.