ಎತ್ತಬಾರದ ಕರೆ

ಗೌಹರಳಿಗೆ ಯಾರೂ ಫೋನ್ ಮಾಡುತ್ತಿರಲಿಲ್ಲ. ಮಿಸ್ ಕಾಲ್ ಕೊಡುತ್ತಿದ್ದರು. ಒಂದು ಸಲ ರಿಂಗಾಗಿ ನಿಲ್ಲುತ್ತಿತ್ತು. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ತಿರುಗಿ ಮಾಡುತ್ತಿದ್ದಳು.

ಇದನ್ನು ಶುರುಮಾಡಿದವನು ಅವಳ ಗಂಡ ಮುಜಾಫರ. ಸವಣೂರಿನಿಂದ ವೀಳ್ಯದೆಲೆ ಬುಟ್ಟಿಗಳನ್ನು ಹೇರಿಕೊಂಡು ದೂರದ ಊರುಗಳಿಗೆ ಲಾರಿ ಓಡಿಸುತ್ತಿದ್ದ. ಮಕ್ಕಳಿಲ್ಲದ ಮನೆಯಲ್ಲಿ ಹೆಂಡತಿ ಒಬ್ಬಳೇ ಇರುತ್ತಾಳೆ, ಯಾವಾಗ ಬೇಕಾದರೂ ಮಾತಾಡಲಿ ಎಂದು ಅವಳ ಹೆಸರಿಗೆ ತಿಂಗಳ ಬಿಲ್ಲಿನ ಪೋಸ್ಟ್‌ಪೇಯ್ಡ್ ಸಿಮ್ ತೆಗೆಸಿಕೊಟ್ಟ. ಆಗ ಬಳಗದಲ್ಲಿ ಉಳಿದವರೆಲ್ಲ ಹತ್ತು ರೂಪಾಯಿ ಕರೆನ್ಸಿ ಹಾಕಿಸಿ ಅದನ್ನೇ ಎಳೆದಾಡುವವರು. ಹಾಗಾಗಿ ಬಂಕಾಪುರದ ತಮ್ಮ ಮಜೀದ, ಹಾನಗಲ್ಲಿನ ಅಕ್ಕ ಕುಲಸುಮಬಿ ಮಿಸ್ ಕಾಲ್ ಕೊಡುವುದು, ಗೌಹರ ತಿರುಗಿ ಮಾಡುವುದು ರೂಢಿಯಾಯಿತು. ಮುಜಾಫರ ಎದೆನೋವಿನಿಂದ ಸತ್ತ. ರೂಢಿ ಉಳಿಯಿತು.

ಮಜೀದ ಮತ್ತು ಕುಲಸುಮಬಿ ತಾಯಿಯ ಮನೆಯ ಪಾಲಿನ ವಿಷಯದಲ್ಲಿ ಜಗಳವಾಡಿ ನೇರವಾಗಿ ಮಾತು ಬಿಟ್ಟಿದ್ದರು. ಅವನ ಸುದ್ದಿ ಇವಳಿಗೆ, ಇವಳ ಸುದ್ದಿ ಅವನಿಗೆ ಗೌಹರಳ ಮೂಲಕವೇ ಹೋಗಬೇಕು. ಬೈಗುಳವನ್ನು ಸೋಸಿ ಉಳಿದದ್ದನ್ನು ದಾಟಿಸುವುದು ಅವಳ ಕೆಲಸ. ಅದನ್ನು ಚೆನ್ನಾಗಿ ಮಾಡುತ್ತಿದ್ದಳು. ತಾನಿಲ್ಲದಿದ್ದರೆ ಇವರಲ್ಲಿ ಒಬ್ಬರು ಸತ್ತರೆ ಮೈಯ್ಯತ್ತಿಗೂ ಇನ್ನೊಬ್ಬರು ಬರುವುದಿಲ್ಲ ಎಂದು ನಂಬಿದ್ದಳು.

ಹೊಟ್ಟೆಪಾಡಿಗೆ ಕರಬಸಪ್ಪನ ಎಲೆ ಅಂಗಡಿಯಲ್ಲಿ ಕೆಲಸ. ಹೆಂಗಸರು ಸಾಲಾಗಿ ಕೂತು ಎಲೆ ಆರಿಸಿ, ಎಣಿಸಿ, ಕಟ್ಟು ಕಟ್ಟುತ್ತಾರೆ. ಗೌಹರ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಎಣಿಸುವಳು. ಲೆಕ್ಕ ತಪ್ಪುತ್ತಿರಲಿಲ್ಲ.

“ಗೌಹರವ್ವ, ನಿನ್ನ ಕುತ್ತಿಗಿ ಒಂದ ಕಡೆ ವಾಲೇತಿ ನೋಡು. ನಾಳೆ ನೆಟ್ಟಗ ಮಾಡಸ್ಬೇಕಂದ್ರ ಆಪರೇಶನ್ನ ಬೇಕು,” ಎಂದು ಕರಬಸಪ್ಪ ಅನ್ನುತ್ತಿದ್ದ.

“ನೀವ ಮಾಡ್ಸಿಕೊಡ್ರಿ ಸಾವಕಾರ್ರ. ನಿಮ್ಮ ಎಲಿ ಎಣಿಸೇ ವಾಲೇತಿ,” ಎಂದು ಅವಳು.

ಈ ವರ್ಷ ಎಲೆತೋಟಗಳಿಗೆ ರೋಗ ಬಿದ್ದು ಅಂಗಡಿಗೆ ಬರುವ ಎಲೆ ಕಡಿಮೆಯಾಯಿತು. ಕೆಲಸ ದಿನ ಬಿಟ್ಟು ದಿನವಾಯಿತು. ಬಿಲ್ ಮಾತ್ರ ತಿಂಗಳು ತಪ್ಪಲಿಲ್ಲ. ಗೌಹರ ಫೋನ್ ಹಿಡಿದುಕೊಂಡು ಬಸ್ ನಿಲ್ದಾಣದ ಎದುರಿನ ಸುಹಾನಾಳ ಅಂಗಡಿಗೆ ಹೋದಳು. ಕರೆನ್ಸಿ, ಝೆರಾಕ್ಸ್, ಮೊಬೈಲ್ ಕವರು ಮಾರುವ ಚಿಕ್ಕ ಅಂಗಡಿ. ಸುಹಾನಾ ಬಾಯಿ ಜೋರಿನ ಹುಡುಗಿ.

“ಕಂಪನಿ ಬದಲಿ ಮಾಡಬೇಕವಾ. ನಂಬರ್ ಇದ ಇರಬೇಕು. ಕಡಿಮಿದು ಯಾವ್ದರ ಐತೇನ ನೋಡು.”

“ಇರ್ತೈತಿ ತಗೋರಿ ಖಾಲಾ. ಮೊದ್ಲ ಹೇಳ್ರಿ, ದಿನಕ್ಕ ಎಷ್ಟ ಮಾತಾಡ್ತೀರಿ?”

“ಭಾಳ ಮಾತಾಡ್ತೇನವಾ. ತಾಸಗಟ್ಲೆ.”

ಸುಹಾನಾ ಫೋನ್ ಇಸಿದುಕೊಂಡು, ಬಂದ ಹೋದ ಕರೆಗಳನ್ನು ತೆರೆದು, ಬೆರಳಿನಿಂದ ಮೇಲಕ್ಕೆ ತಳ್ಳುತ್ತ ಹೋದಳು. ನಿಂತಳು. ಮತ್ತೆ ತಳ್ಳಿದಳು.

“ಖಾಲಾ, ಇದರಾಗ ಬರೇ ಮಿಸ್ ಕಾಲ್ ಅದಾವು. ಇಲ್ಲಾಂದ್ರ ನೀವು ಮಾಡಿದ್ದು. ನಿಮಗ ಅಂತ ಬಂದು ನೀವು ಎತ್ತಿದ್ದು ಒಂದೂ ಇಲ್ಲಲ್ರಿ.”

“ಅವರ ಕಡೆ ಕರೆನ್ಸಿ ಇರೂದಿಲ್ಲವಾ.”

“ಯಾರ ಕಡೆ? ಈ ಮಜೀದ ಅಂದ್ರ ಬಂಕಾಪುರದಾಗ ಟೈಲ್ಸ್ ಅಂಗಡಿ ಇಟ್ಟಾರಲ್ಲ, ಅವರೇನು?”

“ಹೂಂ. ನನ್ನ ತಮ್ಮ.”

ಸುಹಾನಾ ನಕ್ಕುಬಿಟ್ಟಳು. “ಟೈಲ್ಸ್ ಅಂಗಡಿಯವರ ಕಡೆ ಕರೆನ್ಸಿ ಇಲ್ಲಂತ! ಖಾಲಾ, ಈಗ ಎಲ್ಲಾರದೂ ಅನ್‌ಲಿಮಿಟೆಡ್ ಐತಿ. ಮಾತಾಡಿದ್ರೂ ಅಷ್ಟ ರೊಕ್ಕ, ಬಿಟ್ರೂ ಅಷ್ಟ ರೊಕ್ಕ. ಈಗಿನ ಕಾಲದಾಗ ಮಿಸ್ ಕಾಲ್ ಯಾರ ಕೊಡ್ತಾರ್ರಿ?”

ಗೌಹರ ಇದನ್ನು ಯೋಚಿಸಿರಲಿಲ್ಲ. ಅಥವಾ ಯೋಚಿಸದೆ ಇಟ್ಟುಕೊಂಡಿದ್ದಳು.

“ಬರೇ ಬರೋ ಫೋನ್ ಎತ್ತಾಕ ಅಂತ ಯಾವ್ದರ ಐತೇನು?”

“ಐತಿ. ವರ್ಷಗಟ್ಲೆ ಸಿಮ್ ಚಾಲೂ ಇರ್ತೈತಿ. ಯಾರ ಮಾಡಿದ್ರೂ ಎತ್ತಬೌದು. ನೀವು ಮಾಡಿದ್ರ ಮಾತ್ರ ನಿಮಿಷಕ್ಕಿಷ್ಟು ಅಂತ ರೊಕ್ಕ ಹೊಕ್ಕೈತಿ. ನಿಮಗ ಅದು ಆಗಿಬರೂದಿಲ್ಲ ಬಿಡ್ರಿ. ನೀವು ಮಾಡೋ ಪೈಕಿ.”

“ಅದನ್ನ ಕೊಡು.”

ಹಳೆಯ ಬಿಲ್ ಚುಕ್ತಾ ಮಾಡಿದ್ದಾಯಿತು. ಮೆಸೇಜು ಕಳಿಸಿ ಕೋಡ್ ತರಿಸಿದ್ದಾಯಿತು. ಆಧಾರ್ ತೋರಿಸಿ, ಸುಹಾನಾ ಹಿಡಿದ ಮೊಬೈಲಿನ ಎದುರು ಕೂತಳು. “ಕಣ್ಣ ಪಿಳುಕಿಸ್ರಿ ಖಾಲಾ. ಪಿಳುಕಿಸ್ರಿ ಅಂದ್ರ! ನೀವು ಜೀವಂತ ಅದೀರಿ ಅಂತ ಅದಕ್ಕ ಗೊತ್ತಾಗಬೇಕು.” ಹಳೆ ಸಿಮ್ಮಿನ ಟವರ್ ಹೋದ ದಿನ ಹೊಸದನ್ನು ಹಾಕಬೇಕು ಎಂದು ಹೇಳಿ, ಸಿಮ್ಮನ್ನು ಒಂದು ಚೀಟಿಯಲ್ಲಿ ಸುತ್ತಿಕೊಟ್ಟಳು.

ಮರುದಿನ ಅಂಗಡಿಯಲ್ಲಿ ಎಲೆ ಎಣಿಸುತ್ತಿದ್ದಾಗ ಫೋನ್ ರಿಂಗಾಯಿತು. ನಿಲ್ಲುತ್ತದೆ ಎಂದು ಕಾದಳು. ನಿಲ್ಲಲಿಲ್ಲ. ಸಾಲಿನಲ್ಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಅವಳು ಒದ್ದೆ ಕೈಯಲ್ಲೇ ಎತ್ತಿದಳು.

“ನಮಸ್ಕಾರ ಮೇಡಂ. ಇಷ್ಟು ವರ್ಷ ನಮ್ಮ ಜೊತೆ ಇದ್ದೀರಿ. ಯಾಕೆ ಬಿಟ್ಟು ಹೋಗ್ತಾ ಇದ್ದೀರಿ ಅಂತ ತಿಳ್ಕೋಬಹುದಾ? ನಮ್ಮಿಂದ ಏನಾದ್ರೂ ಬೇಜಾರಾಗಿದೆಯಾ?”

ಹಳೆ ಕಂಪನಿಯ ಹುಡುಗಿ. ಬೆಂಗಳೂರಿನ ಮಾತು.

“ಇಲ್ಲವಾ, ಬೇಜಾರ ಏನಿಲ್ಲ. ಕೆಲಸ ಕಡಿಮ್ಯಾಗೇತಿ, ಅದಕ್ಕ.”

ಹುಡುಗಿ ಕಡಿಮೆ ಬಿಲ್ಲಿನ ಇನ್ನೊಂದು ಪ್ಲಾನ್ ಹೇಳಿದಳು. ಗೌಹರ ಪೂರ್ತಿ ಕೇಳಿದಳು. ಬೇಡ ಎಂದಳು. ಆಮೇಲೆ, “ಊಟ ಆತೇನವಾ?” ಎಂದಳು.

ಆ ಕಡೆಯಿಂದ, “ಇನ್ನೂ ಇಲ್ಲ ಮೇಡಂ,” ಎಂಬ ಉತ್ತರ ಬಂತು. ಅದು ಕಂಪನಿ ಅವಳಿಗೆ ಬರೆದುಕೊಟ್ಟ ಮಾತಿನ ಹಾಗೆ ಇರಲಿಲ್ಲ.

“ಯಾರ ಅದು?” ಪಕ್ಕದಲ್ಲಿದ್ದ ರಹಿಮಾಬಿ ಕೇಳಿದಳು.

“ಕಂಪನಿಯಾಕಿ. ಬಿಟ್ಟು ಹೋಗಬ್ಯಾಡ ಅನ್ನಾಕತ್ತಿದ್ಲು.”

“ಪುಣ್ಯಾ ಮಾಡಿದಿ ಬಿಡು. ಯಾರರ ಒಬ್ರು ಅಂದ್ರಲ್ಲ!”

ಹೊಸ ಸಿಮ್ ಶುರುವಾಯಿತು. ನಂಬರ್ ಅದೇ, ಫೋನ್ ಅದೇ. ಬದಲಾದದ್ದು ಒಂದೇ, ಇನ್ನು ಮೇಲೆ ತಿರುಗಿ ಮಾಡುವುದಿಲ್ಲ. ಬೇಕಾದವರು ಮಾಡುತ್ತಾರೆ. ಇದನ್ನು ತಮ್ಮನಿಗೂ ಅಕ್ಕನಿಗೂ ಹೇಳಲಿಲ್ಲ. ಹೇಳಬೇಕೆಂದರೆ ಫೋನ್ ಮಾಡಬೇಕಿತ್ತು.

ಮೊದಲ ಮಿಸ್ ಕಾಲ್ ಕುಲಸುಮಬಿಯದು. ಗೌಹರ ಫೋನನ್ನು ಅಂಗೈಯಲ್ಲಿ ಹಿಡಿದು ಕೂತಳು. ಇನ್ನೊಂದು ಬಂತು. ಆಮೇಲೆ ಇಲ್ಲ. ಮಜೀದನದು ಬಂತು, ಒಂದೇ ದಿನ ಮೂರು ಸಲ. ಮೂರನೆಯದಕ್ಕೆ ಹೆಬ್ಬೆರಳು ಗುಂಡಿಯ ತನಕ ಹೋಗಿ ವಾಪಸು ಬಂತು. ಅಷ್ಟು ಜರೂರಿದ್ದರೆ ಮಾಡಲಿ. ಅವನು ಮಾಡಲಿಲ್ಲ. ಆ ವಾರದ ನಂತರ ಫೋನ್ ಸುಮ್ಮನಾಯಿತು. ಸಂಜೆ ಅಡುಗೆ ಮಾಡುವಾಗ ಮಾತಿಲ್ಲದೆ ಮಾಡಬೇಕಾಯಿತು. ಒಬ್ಬಳಿಗೆ ಮಾಡುವ ಅಡುಗೆ ಬೇಗ ಮುಗಿಯುತ್ತದೆ ಎಂಬುದು ಆಗ ತಿಳಿಯಿತು. ಒಂದೆರಡು ಸಲ ಸುಹಾನಾಳ ಅಂಗಡಿಗೆ ಹೋಗಿ ಫೋನ್ ಸರಿ ಇದೆಯೇ ಎಂದು ಕೇಳಿದಳು. ಸುಹಾನಾ ತನ್ನ ಮೊಬೈಲಿನಿಂದ ಮಾಡಿ ತೋರಿಸಿದಳು. ಸರಿಯಾಗಿಯೇ ಇತ್ತು.

ಒಂದು ಬೆಳಿಗ್ಗೆ ಕರಬಸಪ್ಪ ಒಳ್ಳೆಯ ಎಲೆಯ ಬುಟ್ಟಿಯೊಂದನ್ನು ಅವಳ ಮುಂದೆಯೇ ಇಟ್ಟ.

“ಇದನ್ನ ನೀನ ಕಟ್ಟವಾ. ನಿನ್ನ ತಮ್ಮನ ಮನಿ ಆರ್ಡರು. ನಾಳಿನ ಮಂಗ್ನಿಗೆ.”

ಗೌಹರ ತಲೆ ಎತ್ತಲಿಲ್ಲ. ಮಂಗ್ನಿ ಎಂದರೆ ಮದುವೆ ನಿಶ್ಚಯ. ಮಜೀದನಿಗೆ ಇರುವವಳು ಒಬ್ಬಳೇ ಮಗಳು, ಮದಿಹಾ.

“ಯಾವಾಗ ಹೇಳಿದ್ರು ನಿಮಗ?”

“ಮೊನ್ನೆ ಫೋನ್ ಮಾಡಿದ್ದಲ್ಲ ಮಜೀದ. ಅರ್ಧಾ ತಾಸು ಮಾತಾಡಿದ. ಶಿಗ್ಗಾಂವಿ ಹುಡುಗಂತ, ಗ್ಯಾರೇಜ್ ಐತಂತ. ನೀ ಯಾಕ ಇನ್ನೂ ಹೋಗಿಲ್ಲ?”

“ನಾಳೆ ನಸಿಕ್ಲೆ ಮೊದಲ ಬಸ್ಸಿಗೆ ಹೊಂಟೇನಿ.”

“ಹಂಗಾರ ಎಲಿನೂ ನೀನ ಒಯ್ದಬಿಡು. ಗಾಡಿ ಬಾಡಿಗಿ ಉಳಿತೈತಿ.”

ಅವಳು ಆರಿಸಿ ಆರಿಸಿ ಕಟ್ಟಿದಳು. ತುದಿ ಹರಿದದ್ದು, ಚುಕ್ಕೆ ಇದ್ದದ್ದು ಒಂದೂ ಒಳಗೆ ಹೋಗಲಿಲ್ಲ. ರಾತ್ರಿ ಹಸಿರು ಸೀರೆ ತೆಗೆದಿಟ್ಟುಕೊಂಡು, ಕರೆಯದ ಮನೆಗೆ ಎಲೆ ಮುಟ್ಟಿಸುವವಳಾಗಿ ಹೋಗಬಹುದು ಎಂದು ತನಗೆ ತಾನೇ ಹೇಳಿಕೊಂಡಳು.

ಬಂಕಾಪುರದ ಮನೆಯ ಮುಂದೆ ಪೆಂಡಾಲ್. ಬಾಗಿಲಲ್ಲಿ ಸಿಕ್ಕವಳು ಕುಲಸುಮಬಿ. ತಮ್ಮನ ಮನೆಯ ಹೊಸ್ತಿಲಲ್ಲಿ, ಕೈಯಲ್ಲಿ ಶರಬತ್ತಿನ ತಟ್ಟೆ ಹಿಡಿದುಕೊಂಡು.

“ಬಂದೆಲ್ಲ ಮಹಾರಾಣಿ! ಸಿಟ್ಟ ಮಾಡಿದಿ ಅಂತ ಬಿಟ್ಟಬಿಟ್ಟಿದ್ವಿ ನಾವು.”

“ಯಾರ ಹೇಳಿದ್ರು ಸಿಟ್ಟಂತ?”

“ತಿರುಗಿ ಮಾಡ್ಲಿಲ್ಲಲ್ಲ ನೀನು. ಮತ್ತ ಏನ್ ತಿಳ್ಕೋಬೇಕು?”

ಮಜೀದ ಒಳಗಿನಿಂದ ಬಂದ. ಹೊಸ ಜುಬ್ಬಾ, ಹಣೆಯಲ್ಲಿ ಬೆವರು. ಅವನಿಗೆ ನಿಜವಾಗಿಯೂ ನೋವಾಗಿತ್ತು.

“ಆಪಾ, ಮೂರ ಸಲ ಮಿಸ್ ಕಾಲ್ ಕೊಟ್ಟೇನಿ. ಮೂರ ಸಲ! ಇನ್ನ ಹ್ಯಾಂಗ ಕರಿಬೇಕಿತ್ತು?”

“ಫೋನ್ ಮಾಡಬೇಕಿತ್ತು.”

“ಮಿಸ್ ಕಾಲ್ ಕೊಟ್ಟಿದ್ನಲ್ಲ!”

ಗೌಹರ ಅವನ ಮುಖ ನೋಡಿದಳು. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನ ಲೆಕ್ಕದಲ್ಲಿ ಮೂರು ಸಲ ಮನೆತನಕ ಬಂದು ಕರೆದಿದ್ದ. ಅವಳು ಬಾಗಿಲು ತೆಗೆದಿರಲಿಲ್ಲ.

“ಎಲಿ ತಗೋ. ನೆರಳಾಗ ಇಡಸು,” ಎಂದಳು.

ಒಳಗೆ ಹೆಂಗಸರ ನಡುವೆ ಕೂತಾಗ ಉಳಿದದ್ದು ತಿಳಿಯಿತು. ಅವಳು ತಿರುಗಿ ಮಾಡುವುದು ನಿಂತ ಮೇಲೆ ಕುಲಸುಮಬಿ ಮದಿಹಾಳ ಮೊಬೈಲಿಗೆ ಮಿಸ್ ಕಾಲ್ ಕೊಟ್ಟಿದ್ದಳು. ಮದಿಹಾ ತಿರುಗಿ ಮಾಡಿದ್ದಳು. ಹತ್ತು ದಿನದಲ್ಲಿ ಸೋದರತ್ತೆ, ಸೋದರಸೊಸೆಯ ಮಾತಿನ ನಡುವೆ ಮಜೀದನೂ ಫೋನ್ ಇಸಿದುಕೊಂಡು ಅಕ್ಕನ ಜೊತೆ ಮಾತಾಡಿದ್ದ. ಮನೆಯ ಪಾಲಿನ ಮಾತು ಬಂದು ಹೋಗಿತ್ತು. ಗೌಹರ ವರ್ಷಗಟ್ಟಲೆ ಸೋಸಿದ್ದ ಬೈಗುಳವನ್ನು ಅವರಿಬ್ಬರೂ ನೇರವಾಗಿ ಬೈದಾಡಿಕೊಂಡು, ಅತ್ತು, ಮುಗಿಸಿದ್ದರು.

“ಈಗ ಎಲ್ಲಾ ಇಕಿಗೇ ಮಿಸ್ ಕಾಲ್ ಕೊಡೂದು ನಾವು,” ಎಂದು ಕುಲಸುಮಬಿ ಮದಿಹಾಳ ಗಲ್ಲ ಹಿಂಡಿದಳು.

ಜರಿ ದುಪಟ್ಟಾದೊಳಗಿಂದ ಮದಿಹಾ ಗೌಹರಳ ಕಿವಿಗೆ ಬಾಗಿದಳು. “ಫುಪ್ಪು, ಇಷ್ಟ ವರ್ಷ ಇವ್ರನ್ನ ನೀವು ಹ್ಯಾಂಗ ತಡಕೊಂಡ್ರಿ? ನನಗ ಕಿವಿ ಬಿಸಿ ಆಗಿ ಸಾಕಾಗೇತಿ.”

“ರೂಢಿ ಆಗ್ತೈತಿ,” ಎಂದಳು ಗೌಹರ. ಹುಡುಗಿಯ ಕುತ್ತಿಗೆ ಇನ್ನೂ ನೆಟ್ಟಗಿತ್ತು.

ಶಿಗ್ಗಾಂವಿಯವರು ಬಂದರು, ಉಂಗುರ ಹಾಕಿದರು, ಉಂಡರು. ಎಲೆಯನ್ನು ಎಲ್ಲರೂ ಹೊಗಳಿದರು. ಸಂಜೆ ಮಜೀದ ಅವಳನ್ನು ಬಸ್ಸಿಗೆ ಹತ್ತಿಸಲು ಬಂದ. ಇನ್ನೊಂದಿನ ಇರು ಎಂದು ಒಂದು ಸಲ ಹೇಳಿದ. ಅವಳು ಬೇಡ ಎಂದಳು. ಎರಡನೆಯ ಸಲ ಹೇಳಲಿಲ್ಲ. ಬಸ್ ಹೊರಡುವಾಗ ಕಿಟಕಿಗೆ ಬಂದು, “ಮುಟ್ಟಿದ ಕೂಡ್ಲೆ ಒಂದ ಮಿಸ್ ಕಾಲ್ ಕೊಡು ಆಪಾ,” ಎಂದ.

ಮನೆ ಮುಟ್ಟಿದಾಗ ಬೀದಿ ದೀಪಗಳು ಹತ್ತಿದ್ದವು. ಗೌಹರ ಸೀರೆ ಬದಲಿಸಿದಳು, ಮುಖ ತೊಳೆದಳು. ಫೋನನ್ನು ಟ್ರಂಕಿನ ಮೇಲೆ ಇಟ್ಟು ಎದುರಿಗೆ ಕೂತಳು. ಮಿಸ್ ಕಾಲ್ ಕೊಡಲಿಲ್ಲ. ಅಕ್ಕ ಮುಟ್ಟಿದಳೋ ಇಲ್ಲವೋ ಎಂದು ತಿಳಿಯಬೇಕಿದ್ದರೆ ಅವನೇ ಕೇಳಲಿ. ಇದೊಂದು ಸಲ.

ತುಂಬ ಹೊತ್ತು ಏನೂ ಆಗಲಿಲ್ಲ. ಆಮೇಲೆ ಪರದೆ ಬೆಳಗಿತು. ಮಜೀದ. ಒಂದು ರಿಂಗ್ ಮುಗಿಯುವುದರೊಳಗೆ ಅವನು ಕಟ್ ಮಾಡುತ್ತಾನೆಂದು ಅವಳಿಗೆ ಗೊತ್ತಿತ್ತು. ಅರ್ಧ ರಿಂಗಿಗೇ ಎತ್ತಿಬಿಟ್ಟಳು.

“ಹಲೋ.”

ಆ ಕಡೆ ಗಾಬರಿ. “ಏ ಆಪಾ! ಎತ್ತಿದೆಲ್ಲ!”

“ಹೂಂ.”

“ಮಿಸ್ ಕಾಲ್ ಅದು.”

“ಗೊತ್ತೈತಿ.”

ಹಿಂದೆ ಪಾತ್ರೆ ತೊಳೆಯುವ, ಕುರ್ಚಿ ಒಂದರ ಮೇಲೊಂದು ಪೇರಿಸುವ ಸದ್ದು ಕೇಳುತ್ತಿತ್ತು. ಕುಲಸುಮಬಿ ಯಾರಿಗೋ ಬೈಯುತ್ತಿದ್ದಳು.

“ಮುಟ್ಟಿದಿ ಹೌದಲ್ಲ?”

“ಮುಟ್ಟೇನಿ.”

ಕರೆ ತನ್ನದಾದರೆ ಏನು ಮಾತಾಡಬೇಕೆಂದು ಮಜೀದನಿಗೆ ಗೊತ್ತಿರಲಿಲ್ಲ. ಕೊನೆಗೆ, “ಮತ್ತ?” ಎಂದ.

ಅದು ಅವಳ ಮಾತು. ಅವನು ಹೇಳಿ ಮುಗಿಸಿದಾಗಲೆಲ್ಲ, ಇನ್ನಷ್ಟು ಹೇಳಲಿ ಎಂದು ಅವಳು ಕೇಳುತ್ತಿದ್ದದ್ದು. ಈಗ ತನ್ನನ್ನು ಕೇಳಿದಾಗ ಒಳಗೆ ತಡಕಾಡಿದಳು. ಕೆಲಸ ದಿನ ಬಿಟ್ಟು ದಿನವಾಗಿದೆ ಎನ್ನಬಹುದಿತ್ತು. ಅಡುಗೆ ಬೇಗ ಮುಗಿಯುತ್ತದೆ ಎನ್ನಬಹುದಿತ್ತು. ಇವನ್ನು ಹೇಳುವ ಧಾಟಿ ಅವಳಿಗೆ ಬರುತ್ತಿರಲಿಲ್ಲ.

“ಎಲಿ ಉಳದಾವಲ್ಲ,” ಎಂದಳು. “ಅವನ್ನ ಹಂಗ ಬಿಡಬ್ಯಾಡ್ರಿ. ಹಸಿ ಅರಿವಿ ಹಿಂಡಿ ಅದರಾಗ ಸುತ್ತಿಡ್ರಿ. ತೀರಾ ನೀರ ಇರಬಾರದು, ಕೊಳಿತಾವು. ಮದಿಹಾಗ ಹೇಳು, ಆಕಿಗೆ ತಿಳಿತೈತಿ. ನಾಳೆ ನಾಡಿದ್ದ ಯಾರರ ಬಂದ್ರ ಕೊಡಾಕ ಆಗ್ತಾವು. ಹಲೋ?”

ಅವನು ಯಾವಾಗ ಫೋನ್ ಇಟ್ಟನೋ. ಆ ಕಡೆ ಈಗ ಕುರ್ಚಿಯ ಸದ್ದು ಇರಲಿಲ್ಲ.

ಎಲೆಯ ವಿಷಯ ತಿಳಿಸಲೇಬೇಕಿತ್ತು. ಅವಳು ಅವನ ನಂಬರ್ ಒತ್ತಿದಳು. ಒಂದು ರಿಂಗಾಗಲು ಬಿಟ್ಟು ಕಟ್ ಮಾಡಿದಳು. ಫೋನನ್ನು ಟ್ರಂಕಿನ ಮೇಲಿಟ್ಟು, ಅವನು ತಿರುಗಿ ಮಾಡಲಿ ಎಂದು ಕೈಕಟ್ಟಿ ಕೂತಳು. ಪರದೆ ಸ್ವಲ್ಪ ಹೊತ್ತು ಬೆಳಗಿ ತಾನಾಗಿಯೇ ಆರಿತು. ಸುತ್ತಿಡದ ಎಲೆ ಬೆಳಗಿನ ತನಕ ತಡೆಯುವುದಿಲ್ಲ.