ಭಾವ ಹೊಲಿದ ಕರೆಂಟು

೧

ಎಲ್ಲಿಂದ ಶುರುಮಾಡಲಿ? ಶಬ್ದದಿಂದ ಶುರುಮಾಡೋಣವೆಂದರೆ ಅದು ಅಕ್ಷರಕ್ಕೆ ಸಿಗುತ್ತಿಲ್ಲ. ‘ಗರ್ರ್’ ಎಂದು ಬರೆದೆ, ನಾಯಿಯಂತಾಯಿತು. ‘ಝುಂಯ್’ ಎಂದು ಬರೆದೆ, ದುಂಬಿಯಂತಾಯಿತು. ಎರಡನ್ನೂ ಹೊಡೆದುಹಾಕಿದೆ. (ಸಂಜೆ ಕಾಲೇಜಿನಲ್ಲಿ ಓದಿದವನು ನಾನು. ಹೊಡೆದುಹಾಕುವುದನ್ನು ಮಾತ್ರ ಚೆನ್ನಾಗಿ ಕಲಿತಿದ್ದೇನೆ.)

೧, ಮತ್ತೊಮ್ಮೆ

ಮನೆಯಿಂದ ಶುರುಮಾಡುತ್ತೇನೆ. ಕೆಳಗಿನ ಕೋಣೆಯಲ್ಲಿ ಭಾವ ಮೋಟಾರ್ ಹಾಕಿದ ಹೊಲಿಗೆ ಮಿಷನ್ನಿನಲ್ಲಿ ಪರದೆಗಳನ್ನು ಹೊಲಿಯುತ್ತಾರೆ. ಮೇಲಿನ ಕೋಣೆಯಲ್ಲಿ ಅಕ್ಕ ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡುತ್ತಾಳೆ. ಅವಳ ಬಾಗಿಲಿಗೆ ಹಳೇ ಹಾಸಿಗೆ ಕಟ್ಟಿರುವುದರಿಂದ ಮಿಷನ್ನಿನ ಸದ್ದು ಒಳಗೆ ಹೋಗುವುದಿಲ್ಲ. ಹೋಗುವುದು ವೈರಿನಲ್ಲಿ. ಮೋಟಾರು ಕರೆಂಟನ್ನು ಕೆಡಿಸುತ್ತದೆ, ಕೆಟ್ಟ ಕರೆಂಟು ಗೋಡೆಯೊಳಗಿಂದಲೇ ಹತ್ತಿ ಅಕ್ಕನ ರೆಕಾರ್ಡಿಂಗ್ ಸೆಟ್ಟಿಗೆ ಬರುತ್ತದೆ, ಮತ್ತೆ ಅವಳ ಪ್ರತಿ ವಾಕ್ಯದ ಬೆನ್ನಿಗೂ ನಾನು ಬರೆಯಲಾರದ ಆ ಶಬ್ದ ಅಂಟಿಕೊಳ್ಳುತ್ತದೆ.

ಅದಕ್ಕೇ ಕೆಂಪು ಬಲ್ಬು. ಓದಲು ಕೂರುವ ಮುನ್ನ ಅಕ್ಕ ಮೇಲೆ ಸ್ವಿಚ್ ಒತ್ತಿದರೆ ಕೆಳಗೆ ಮಿಷನ್ ಪಕ್ಕದ ಬಲ್ಬು ಹತ್ತುತ್ತದೆ. ಭಾವನ ಕಾಲು ಪೆಡಲ್ ಬಿಡುತ್ತದೆ. ಅವಳು ದುಡಿಯುವಾಗ ಇವರು ಖಾಲಿ, ಇವರು ದುಡಿಯುವಾಗ ಅವಳು ಖಾಲಿ. ಮದುವೆಯಾದಾಗಿನಿಂದ ಸಂಸಾರ ಹೀಗೇ ನಡೆದಿದೆ.

ಈ ವಾರ ನಡೆಯುವಂತಿರಲಿಲ್ಲ. ಶನಿವಾರದೊಳಗೆ ಪುಸ್ತಕ ಮುಗಿಯದಿದ್ದರೆ ಬೇರೆ ಓದುವವರಿಗೆ ಕೊಡುತ್ತೇವೆ ಎಂದು ಅಕ್ಕನಿಗೆ ಓದುವ ಕೆಲಸ ಕೊಡುವ ಸ್ಟುಡಿಯೋದವರು ಹೇಳಿದ್ದರು. ಅದೇ ಶನಿವಾರ ಒಂದು ಸಭಾಂಗಣದ ಪರದೆಗಳನ್ನೂ ಕೊಡಬೇಕಿತ್ತು. ಇಬ್ಬರಲ್ಲಿ ಒಬ್ಬರ ಕೆಲಸ ಹೋಗಬೇಕು. ಯಾರದ್ದು ಎಂದು ಇಬ್ಬರೂ ಬಾಯಿಬಿಟ್ಟು ಕೇಳಲಿಲ್ಲ. ಊಟದ ಹೊತ್ತಿನಲ್ಲಿ ಉಪ್ಪು ದಾಟಿಸುವಾಗ ಮಾತ್ರ ಬಹಳ ಮರ್ಯಾದೆಯಿಂದ ದಾಟಿಸುತ್ತಿದ್ದರು.

೨

(ಇಲ್ಲಿ ಮೂರು ಪುಟದ ತಾಂತ್ರಿಕ ವಿವರಣೆಯಿತ್ತು. ತೆಗೆದಿದ್ದೇನೆ. ನನಗೇ ಅರ್ಥವಾಗಿರಲಿಲ್ಲ.)

ಕರೆಂಟನ್ನು ಸೋಸುವ ಡಬ್ಬಿಯೊಂದನ್ನು ಭಾವ ತಾವೇ ಮಾಡಿದರು. ಹೇಗೆಂದು ರೇಡಿಯೋ ರಿಪೇರಿಯವರ ಪಕ್ಕ ಸ್ಟೂಲು ಹಾಕಿಕೊಂಡು ಕೂತು ಕಲಿತರು. ಬಳೆಯಂಥ ಕಪ್ಪು ರಿಂಗಿಗೆ ತಾಮ್ರದ ತಂತಿ ಸುತ್ತಬೇಕು. ಒಳಗಿಂದ ತೂರಿಸಿ, ಹೊರಗಿಂದ ತಂದು, ಎಳೆದು, ಮತ್ತೆ ತೂರಿಸಿ. ನೋಡುತ್ತಿದ್ದಂತೆ ನನಗೆ ಹೊಳೆಯಿತು: ಇದು ಕಾಜಾ ಹೊಲಿಗೆ! ಗುಂಡಿ ತೂರುವ ಕಂಡಿಯ ಅಂಚಿಗೆ ಅವರು ಹಾಕುವ ಅದೇ ಹೊಲಿಗೆ. ಒಂದು ಸುತ್ತು ಇನ್ನೊಂದರ ಮೇಲೆ ಹತ್ತಲಿಲ್ಲ, ಎಲ್ಲೂ ಸಡಿಲವಿಲ್ಲ. ಇಂಥ ಒಂದು ವಾಕ್ಯ ಬರೆಯಲು ಬಂದಿದ್ದರೆ ನಾನು ನಾಲ್ಕು ಜನರ ಮುಂದೆ ಲೇಖಕ ಎಂದು ಹೇಳಿಕೊಳ್ಳುತ್ತಿದ್ದೆ.

ರಿಂಗು, ಕೆಪಾಸಿಟರು, ಫ್ಯೂಸು ಎಲ್ಲ ಒಂದು ತಗಡಿನ ಡಬ್ಬಿಗೆ ಸೇರಿದವು, ಡಬ್ಬಿಗೆ ಅರ್ತ್ ವೈರು ಬಿತ್ತು. ರಿಪೇರಿಯವರು ಪರೀಕ್ಷಿಸಿ ಸರಿ ಎನ್ನುವತನಕ ಅದನ್ನು ಪ್ಲಗ್ಗಿಗೆ ಹಾಕಲು ನಾನು ಬಿಡಲಿಲ್ಲ. (ಓದುಗರೇ, ಕಥೆ ಓದಿ ಯಾರೂ ಕರೆಂಟಿಗೆ ಕೈ ಹಾಕಬೇಡಿ. ನನಗೆ ಈಗಲೇ ನಿದ್ದೆ ಸರಿಯಾಗಿ ಬರುವುದಿಲ್ಲ.)

೩

ಗೋಡೆಗೂ ಅಕ್ಕನ ಸೆಟ್ಟಿಗೂ ನಡುವೆ ಡಬ್ಬಿ ಕೂತಿತು. ಅಕ್ಕ ಒಂದು ಪುಟ ಓದಿ, ರೆಕಾರ್ಡ್ ಆದದ್ದನ್ನು ಹಾಕಿ ಕೇಳಿದಳು. ಗಾಜಿನಂಥ ದನಿ. ಅಕ್ಕ ಕೂಗಿ ಕರೆದಳು, ಭಾವ ಮೇಲೆ ಓಡಿಬಂದರು, ನನ್ನ ಕಣ್ಣಲ್ಲಿ ನೀರು ಬಂತು. ಸುಖಾಂತ್ಯ. ಅವತ್ತು ಮಧ್ಯಾಹ್ನವೇ ಕಥೆ ಬರೆದು ಮುಗಿಸಿ ಭಾವನ ಕೈಗೆ ಕೊಟ್ಟೆ.

ಗುಂಡುಸೂಜಿಗಳನ್ನು ಬಾಯಲ್ಲಿ ಕಚ್ಚಿಕೊಂಡೇ ಓದಿದರು. ಒಂದು ಕಡೆ ನಿಂತರು. ಸೂಜಿಗಳನ್ನು ಒಂದೊಂದಾಗಿ ತೆಗೆದು ಬಟ್ಟೆಗೆ ಚುಚ್ಚಿದರು.

“ಇದೇನು ಬರ್ದಿದೀಯ? ‘ಕೆಂಪು ಬಲ್ಬು ಹತ್ತಿತು, ಭಾವ ಪೆಡಲಿನಿಂದ ಕಾಲು ತೆಗೆದು ಉಸಿರು ಬಿಗಿಹಿಡಿದರು.’”

“ಚೆನ್ನಾಗಿಲ್ವಾ, ಭಾವ?”

“ಚೆನ್ನಾಗಿದೆ. ನಡೆದದ್ದೂ ಹಾಗೇ.” ಆ ಸಾಲಿನ ಮೇಲೆ ಬೆರಳಿಟ್ಟರು. “ಮಿಷನ್ನೇ ನಿಂತಿದ್ರೆ ಡಬ್ಬಿ ಏನನ್ನ ಸೋಸ್ತು?”

ಮೂವರಿಗೂ ಹೊಳೆದಿರಲಿಲ್ಲ. ಬಲ್ಬು ಹತ್ತಿದರೆ ಬಿಡುವುದು ಆ ಕಾಲಿಗೆ ಅಷ್ಟು ರೂಢಿ. ಡಬ್ಬಿ ಇಲ್ಲದೆಯೂ ಆ ದನಿ ಗಾಜಿನಂತೆಯೇ ಇರುತ್ತಿತ್ತು.

ಒಂದು ಸಾಲು ತಾನೇ, ತಿದ್ದಿಬಿಡುತ್ತೇನೆ, ಮಿಷನ್ ಓಡುತ್ತಿತ್ತು ಎಂದು ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದೆ.

“ಸಾಲು ತಿದ್ದಿದ್ರೆ ಕರೆಂಟೂ ತಿದ್ದಿದ ಹಾಗಾಗುತ್ತೇನೋ, ಸಾಹಿತಿ?”

ಬದಲಿ ಅಂತ್ಯಗಳು

ಅ. ಡಬ್ಬಿ ಕೆಲಸ ಮಾಡುವುದಿಲ್ಲ. ಅಕ್ಕ ಪುಸ್ತಕ ಬಿಟ್ಟುಕೊಡುತ್ತಾಳೆ.

ಆ. ಡಬ್ಬಿ ಕೆಲಸ ಮಾಡುವುದಿಲ್ಲ. ಭಾವ ಪರದೆ ಬಿಟ್ಟುಕೊಡುತ್ತಾರೆ.

ಅಕ್ಕನಿಗೆ ಓದಿ ಹೇಳಿದೆ. “ನಮ್ಮಿಬ್ರನ್ನೂ ತ್ಯಾಗಮೂರ್ತಿ ಮಾಡಿ ನೀನು ಚಪ್ಪಾಳೆ ಗಿಟ್ಟಿಸ್ತೀಯಾ? ಹರಿದು ಹಾಕೋ ಅದನ್ನ,” ಎಂದಳು.

ಹರಿದೆ.

೩, ತಿದ್ದಿದ್ದು

ನಿಜವಾದ ಪರೀಕ್ಷೆ. ಭಾವ ದಪ್ಪ ಪರದೆಯನ್ನು ಸೂಜಿಯ ಕೆಳಗಿಟ್ಟು ಹೊಲಿಯತೊಡಗಿದರು. ಬಲ್ಬು ಹತ್ತಿತು. ಕಾಲು ಪೆಡಲ್ ಬಿಟ್ಟಿತು. ಮತ್ತೆ ಪ್ರಯತ್ನ. ಮತ್ತೆ ಬಿಟ್ಟಿತು. “ಅವಳು ಓದ್ತಿದಾಳೆ ಅಂತ ಗೊತ್ತಾದ್ರೆ ಒತ್ತೋಕಾಗಲ್ಲ ಕಣೋ,” ಎಂದರು ನಾಚಿಕೊಂಡು. ಅವರನ್ನು ನಾನು ಅಷ್ಟು ಹತ್ತಿರದಿಂದ ಯಾವತ್ತೂ ನೋಡಿರಲಿಲ್ಲ.

ಅಕ್ಕ ಕೆಳಗೆ ಬಂದಳು. ಬಲ್ಬನ್ನು ತಿರುಗಿಸಿ ಬಿಚ್ಚಿ, ಬಿಸಿಗೆ ಸೆರಗಿನಲ್ಲಿ ಹಿಡಿದುಕೊಂಡಳು.

“ಈಗ ನಾನು ಯಾವಾಗ ಶುರುಮಾಡ್ತೀನಿ ಅಂತ ನಿಮಗೆ ಗೊತ್ತಾಗಲ್ಲ. ಹೊಲೀತಾ ಇರಿ, ರೀ.”

ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು.

ಈಗ ನಾನು ಮೆಟ್ಟಿಲಿನ ನಡುವೆ ಕೂತು ಬರೆಯುತ್ತಿದ್ದೇನೆ. ಕೆಳಗೆ ಭಾವನ ಮಿಷನ್ ನಿಲ್ಲದೆ ಓಡುತ್ತಿದೆ. ಮೇಲೆ, ಹಾಸಿಗೆಯ ಹಿಂದೆ, ಅಕ್ಕ ಓದುತ್ತಿರಬಹುದು. ಓದಿದ್ದನ್ನು ಕೇಳಿ ಹಣೆ ಚಚ್ಚಿಕೊಳ್ಳುತ್ತಲೂ ಇರಬಹುದು. ಡಬ್ಬಿ ಗೆದ್ದಿತೋ ಇಲ್ಲವೋ ಎಂದು ನೀವು ಕೇಳುತ್ತೀರಿ, ನನಗೆ ಗೊತ್ತು. ಬಾಗಿಲು ತೆರೆದು ನೋಡಿ ಬರುವುದು ಲೇಖಕನ ಕರ್ತವ್ಯ. ಎರಡು ಸಲ ಎದ್ದೆ ಕೂಡ.

ಆದರೆ ಈ ಮೆಟ್ಟಿಲು ಮರದ್ದು, ಕಿರುಗುಟ್ಟುತ್ತದೆ. ಬಾಗಿಲ ಬುಡದಲ್ಲಿ ಕಿರುಗುಟ್ಟಿದರೆ ಹಾಸಿಗೆಯೂ ತಡೆಯುವುದಿಲ್ಲ. ಅವಳು ಓದುತ್ತಿದ್ದರೆ, ಅದೂ ಪುಸ್ತಕದೊಳಗೆ ಸೇರಿಬಿಡುತ್ತದೆ.

ನೀವೂ ಸ್ವಲ್ಪ ಸದ್ದು ಮಾಡದೆ ಇರಿ.