ಅಳಿಸಿಹಾಕಿದ ಹಾಡು

ಗಾಯಕನ ಹೆಂಡತಿಗೆ ಕೇಳುಗರು ಬೆನ್ನ ಹಿಂದೆ ಇಟ್ಟ ಹೆಸರು ಹದ್ದು. ಗಂಡನ ಸಂಗೀತ ಕಛೇರಿಗಳಲ್ಲಿ ಆಕೆ ಕೂತವಳೇ ಅಲ್ಲ. ಗೋಡೆಗೊರಗಿ ನಿಂತು, ಯಾರ ಮಡಿಲಲ್ಲಿ ಫೋನು ಮಿನುಗುತ್ತದೆ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವಳು. ‘ಹಾಡು ಅಲ್ಲಿ ಕೂತವರಿಗೆ, ಆ ಹೊತ್ತಿಗೆ. ಡಬ್ಬಿಗೆ ತುಂಬಿ ಒಯ್ಯೋಕಲ್ಲ’ ಎಂಬುದು ಗಂಡನ ಹಟ. ಮೂವತ್ತು ವರ್ಷದಲ್ಲಿ ಆತ ಒಂದು ರೆಕಾರ್ಡನ್ನೂ ಹೊರತರಲಿಲ್ಲ.

ಕಳೆದ ತಿಂಗಳು ಆತನಿಗೆ ಪಾರ್ಶ್ವವಾಯು ಬಡಿದು ಮಾತು ನಿಂತುಹೋಯಿತು. ಮಾತು ಕಲಿಸಲು ಬಂದ ಥೆರಪಿಸ್ಟ್, “ಅವರದೇ ಹಳೇ ಹಾಡು ಕೇಳಿಸಿ ನೋಡಿ. ಮಾತು ಹೋದ್ರೂ ಕೆಲವರಲ್ಲಿ ಹಾಡು ಉಳಿದಿರುತ್ತೆ. ತಡ ಮಾಡಬೇಡಿ,” ಎಂದಳು.

ಮನೆಯಲ್ಲಿ ಒಂದು ಚೂರೂ ಇರಲಿಲ್ಲ. ಪಿಟೀಲಿನವರನ್ನು ಕೇಳಿದಳು, ಮೈಕಿನವನನ್ನು ಕೇಳಿದಳು. “ನೀವೇ ಬೇಡ ಅಂದಿದ್ರಲ್ಲಮ್ಮ,” ಎಂದರು. ಕೊನೆಗೆ ದರ್ಜಿ ನೆನಪಾದ. ಎರಡು ವರ್ಷದ ಹಿಂದೆ ಇಡೀ ಕಛೇರಿಯನ್ನು ಕದ್ದು ರೆಕಾರ್ಡ್ ಮಾಡಿದ್ದವನು. ಸಭೆಯೆದುರು ಅವನನ್ನು ಎಬ್ಬಿಸಿ ನಿಲ್ಲಿಸಿದ್ದಳು.

ಆಕೆ ಅಂಗಡಿಗೆ ಹೋದಾಗ ಅವನು ಕೋಟೊಂದರ ತೋಳು ಬಿಚ್ಚುತ್ತಿದ್ದ. ನೋಡಿದ ಕೂಡಲೇ ಮುಖ ಗಂಟಿಕ್ಕಿದ.

“ಅಣ್ಣಾ, ಅವತ್ತಿನ ಹಾಡು ಎಲ್ಲಾದ್ರೂ ಉಳಿದಿದ್ಯಾ?”

“ನೀವೇ ಎದುರಿಗೆ ನಿಂತು ಅಳಿಸಿದ್ರಲ್ಲ.”

“ಯಾರಿಗಾದ್ರೂ ಕಳಿಸಿದ್ರಾ? ಬಯ್ಯೋಕೆ ಬಂದಿಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ.”

ನಿಜಕ್ಕೂ ಬಗ್ಗಿದಳು. ಅವನು ಗಾಬರಿಯಾಗಿ ಸ್ಟೂಲು ಎಳೆದು ಕೂರಿಸಿದ. ವಿಷಯವೆಲ್ಲ ಕೇಳಿ ಕೋಟನ್ನು ಪಕ್ಕಕ್ಕಿಟ್ಟ.

“ಅವತ್ತಿನ ಅವಮಾನ ಮರೆತಿಲ್ಲಮ್ಮ. ಆದ್ರೂ ಇದ್ದಿದ್ರೆ ಕೊಡ್ತಿದ್ದೆ. ತಲೆಯಲ್ಲಿ ಮಾತ್ರ ಇದೆ. ನಿಮಗೆ ಬರಲ್ವಾ ಆ ಹಾಡು?”

“ನಾನು ಜನರ ಫೋನು ನೋಡ್ತಿದ್ದೆ. ಹಾಡು ಕೇಳಲಿಲ್ಲ.”

ಅದನ್ನು ಹೇಳುವಾಗ ಆಕೆಗೆ ಅಳು ಒತ್ತರಿಸಿಕೊಂಡು ಬಂತು. “ನೀವೇ ಹಾಡಿ, ಅಣ್ಣಾ. ರೆಕಾರ್ಡ್ ಮಾಡ್ಕೊಳ್ಳಲಾ?”

“ನನ್ನ ಗಂಟಲು ತುಕ್ಕು ಹಿಡಿದ ಕತ್ತರಿ,” ಎಂದ. ಆದರೂ ಬಾಗಿಲು ಮುಂದೆ ಮಾಡಿ ಹಾಡಿದ. ಎರಡು ಕಡೆ ಶ್ರುತಿ ತಪ್ಪಿತು. ಒಂದು ಸಾಲು ಮರೆತು, ಗುನುಗಿ ದಾಟಿಸಿದ.

ಮನೆಗೆ ಬಂದವಳೇ ಗಂಡನ ಕಿವಿಗೆ ಫೋನು ಹಿಡಿದಳು. ಆತ ಸೂರು ನೋಡುತ್ತ ಮಲಗಿದ್ದ. ಮತ್ತೆ ಹಾಕಿದಳು, ಮತ್ತೆ. ಏಳನೆಯ ಸಲ ಆ ಗುನುಗಿದ ಸಾಲಿನ ಹತ್ತಿರ ಆತನ ತುಟಿ ಓರೆಯಾಗಿ ತೆರೆದು ಒಂದು ಸದ್ದು ಹೊರಟಿತು. ಮಾತಲ್ಲ, ಸ್ವರವೂ ಅಲ್ಲ.

ಕೂಡಲೇ ದರ್ಜಿಗೆ ಫೋನು ಮಾಡಿದಳು. “ಎದುರಿಗೇ ಬಂದು ಹಾಡ್ತೀರಾ?”

“ಈ ಕೋಟು ಮುಗಿಸಿ ಬರ್ತೀನಿ.”

“ಈಗ್ಲೇ ಬನ್ನಿ, ಅಣ್ಣಾ.”

ಅವನು ಬಂದ. ಮರುದಿನವೂ ಬಂದ, ಅದರ ಮರುದಿನವೂ. ಹನ್ನೊಂದು ದಿನವಾಯಿತು, ಆ ಸದ್ದು ಮತ್ತೆ ಕೇಳಲಿಲ್ಲ. ಪ್ರತಿದಿನ ಚಪ್ಪಲಿ ಮೆಟ್ಟುವಾಗ ಅವನು ಆಕೆಯ ಮುಖ ನೋಡುವುದಿಲ್ಲ. ಆಕೆ ಮಾತ್ರ ಕೇಳುತ್ತಾಳೆ: “ನಾಳೆ ಎಷ್ಟು ಗಂಟೆಗೆ ಬರ್ತೀರಿ?”